ಮೂಗು ನನ್ನದು, ನಾಲಿಗೆ ಅವರದು

ಮೊನ್ನೆ ಉಪ್ಪಿನಕಾಯಿಗೆಂದು ಹೇರಳೆಕಾಯಿ ಹೆಚ್ಚುತ್ತಿದ್ದೆ. ಸಿಪ್ಪೆಗೆ ಚಾಕು ತಾಗಿದ್ದೇ ತಡ, ಆ ಘಾಟು ಮೂಗಿಗೆ ಬಡಿದು ಕೈ ನಿಂತುಬಿಟ್ಟಿತು. ಬೇರೆಯವರಿಗೆ ಈ ವಾಸನೆಯಿಂದ ತವರುಮನೆ ನೆನಪಾಗಬಹುದು. ನನಗೆ ನೆನಪಾದದ್ದು ಬಿಯರ್. ಅದನ್ನು ಸ್ಟೀಲ್ ಚೊಂಬಿನಲ್ಲಿ ಹಿಡಿದು ಮೆಟ್ಟಿಲಿಳಿದು ಬರುತ್ತಿದ್ದ ಮೇಲ್ಮನೆಯವರು...

ನಗಬೇಡಿ. ನಾನು ಜನ್ಮದಲ್ಲಿ ಬಿಯರ್ ಕುಡಿದವಳಲ್ಲ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು, ಹಣೆ ತುಂಬ ವಿಭೂತಿ ಹಚ್ಚುವವಳು. ಗಂಡ ತೀರಿಕೊಂಡ ಮೇಲೆ ದೇವರಾಜ ಅರಸು ಬಡಾವಣೆಯ ಈ ಮನೆಯ ಮಹಡಿಯನ್ನು ಬಾಡಿಗೆಗೆ ಕೊಟ್ಟೆ. ಬಂದವರು ಹರಿಹರದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಅವರಿಗೂ ಹೆಂಡತಿ ಇರಲಿಲ್ಲ. ಬಹಳ ದಿನ ನಮ್ಮ ಮಾತುಕತೆ ಎಂದರೆ ಮೋಟರ್ ಹಾಕಿ, ಮೋಟರ್ ಆರಿಸಿ, ಅಷ್ಟೇ.

ಕೊರೊನಾ ಬಂದು ಹೋದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಚೊಂಬು ಹಿಡಿದು ಬಾಗಿಲಲ್ಲಿ ನಿಂತರು.

"ಟೀಚರ್, ಒಂದೀಟು ಮೂಸಿ ನೋಡ್ರಿ. ಏನ್ ವಾಸನಿ ಬರ್ತೈತೆ ಹೇಳ್ರಿ."

ಮಜ್ಜಿಗೆ ಕೆಟ್ಟಿದೆಯೇನೋ ಅಂದುಕೊಂಡು ಮೂಸಿದೆ. "ಹೇರಳೆಕಾಯಿ ಸಿಪ್ಪೆ" ಅಂದೆ. "ಅದರ ಹಿಂದೆ ಮಾವಿನಕಾಯಿ ಸೊನೆ. ಇದೇನ್ರಿ ಇದು?"

ಅವರ ಕಣ್ಣು ತುಂಬಿಕೊಂಡಿತು. ಆ ಜ್ವರ ಅವರ ಮೂಗನ್ನು ಕಿತ್ತುಕೊಂಡು ಹೋಗಿತ್ತು. ಅಗರಬತ್ತಿ, ಫಿನಾಯಿಲ್, ಸುಟ್ಟ ಅನ್ನ, ಯಾವುದೂ ಅವರಿಗೆ ತಿಳಿಯುತ್ತಿರಲಿಲ್ಲ.

ಒಬ್ಬಳೇ ಮಗಳು ಮೈಸೂರಿನ ಕಡೆ ಸಣ್ಣದೊಂದು ಬಿಯರ್ ಕಾರ್ಖಾನೆಯಲ್ಲಿ ಬಿಯರ್ ತಯಾರಿಸುತ್ತಿದ್ದಳು. ಹೆಣ್ಣುಮಗಳು ಹೆಂಡ ಕಾಸುತ್ತಾಳೆ ಎಂದು ನೆಂಟರೆಲ್ಲ ಆಡಿಕೊಂಡಾಗ ಇವರೂ ಮಾತು ಬಿಟ್ಟಿದ್ದರಂತೆ. ತಾಯಿ ಸತ್ತ ಮೇಲೆ ಅವಳೇ ಸೋತು, ಹೊಸದಾಗಿ ಮಾಡಿದ ಬಾಟಲಿಯೊಂದನ್ನು ಕಳಿಸಿ ಹೇಗಿದೆ ಹೇಳಪ್ಪಾ ಅಂದಿದ್ದಳು. ಆಮೇಲೆ ಬಸ್ಸಿನ ಡ್ರೈವರ್ ಕೈಯಲ್ಲಿ ಬಾಟಲಿ ಬರುವುದು, ಇವರು ಕುಡಿದು ಫೋನಿನಲ್ಲಿ ಅಭಿಪ್ರಾಯ ಹೇಳುವುದು ನಡೆದುಕೊಂಡು ಬಂತು. ಅಪ್ಪ ಮಗಳ ನಡುವೆ ಇದ್ದದ್ದು ಅದೊಂದೇ ಮಾತು. ಮೂಗು ಹೋಗಿದೆ ಎಂದು ತಿಳಿದರೆ ಬಾಟಲಿ ನಿಲ್ಲುತ್ತದೆ, ಬಾಟಲಿ ನಿಂತರೆ ಫೋನೂ ನಿಲ್ಲುತ್ತದೆ ಎಂಬ ಭಯ ಅವರಿಗೆ.

ಹಾಗಾಗಿ ನಾನು ಮೂಗಾದೆ. ಭಾನುವಾರ ಪೂಜೆ ಮುಗಿಸಿ ಹಿತ್ತಲ ಕಟ್ಟೆಯ ಮೇಲೆ ಕೂರುತ್ತಿದ್ದೆ. ಅಕ್ಕಪಕ್ಕದವರ ಕಣ್ಣಿಗೆ ಚೊಂಬಿನಲ್ಲಿದ್ದದ್ದು ಮಜ್ಜಿಗೆ. ಮೇಲ್ಮನೆಯವರಿಗೆ ಜೊತೆಗೆ ಒಂದು ಬಟ್ಟಲು ಮಂಡಕ್ಕಿ ಬೇಕು. ಗುಟುಕಿಗೂ ಗುಟುಕಿಗೂ ನಡುವೆ ಅದನ್ನು ಅಗಿದು ಬಾಯಿ ಸ್ವಚ್ಛ ಮಾಡಿಕೊಳ್ಳುತ್ತಿದ್ದರು. ಖಾರ ಬಿದ್ದರೆ ನಾಲಿಗೆ ಸುಳ್ಳು ಹೇಳುತ್ತದೆ ಎಂದು ಮಿರ್ಚಿಯನ್ನು ಹತ್ತಿರ ಸೇರಿಸುತ್ತಿರಲಿಲ್ಲ. ದಾವಣಗೆರೆಯಲ್ಲಿ ಹುಟ್ಟಿ ಬೆಳೆದ ನನಗೆ ಮಿರ್ಚಿಯಿಲ್ಲದ ಮಂಡಕ್ಕಿ ನೋಡಿಯೇ ಸಂಕಟ. ಕಹಿ ಎಷ್ಟಿದೆ, ಎಷ್ಟು ಜೋರಿದೆ, ಗಂಟಲಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಅವರು ನೋಡುತ್ತಿದ್ದರು. ನಾನು ಬೇವಿನ ಹೂ, ಕೊಯ್ದ ಹುಲ್ಲು, ವಿನೋಬನಗರದ ಸಾಬರ ಅಂಗಡಿಯ ಲೋಬಾನದ ಧೂಪ ಎಂದು ವಾಸನೆಗಳನ್ನು ಹೇಳುತ್ತಿದ್ದೆ. ಅವರು ಅದನ್ನೇ ಫೋನಿನಲ್ಲಿ ಒಪ್ಪಿಸುತ್ತಿದ್ದರು. ಮಧ್ಯೆ ಮರೆತರೆ ನನ್ನ ಕಡೆ ನೋಡುವರು, ನಾನು ಸದ್ದಿಲ್ಲದೆ ತುಟಿಯಾಡಿಸಿ ಹೇಳಿಕೊಡುವೆ. ಕಾಪಿ ಹೊಡೆಸುವ ಕೆಲಸ ನಿವೃತ್ತಿಯ ನಂತರ ಬಂತು ನೋಡಿ ಎಂದು ರೇಗಿಸುತ್ತಿದ್ದೆ. ನಿಜ ಹೇಳಬೇಕೆಂದರೆ, ವಾರವಿಡೀ ನಾನೂ ಆ ಭಾನುವಾರಕ್ಕಾಗಿಯೇ ಕಾಯುತ್ತಿದ್ದೆ.

ಹಾಪ್ಸ್ ಎಂಬ ಹೂವಿನ ವಿಷಯ ಅವರೇ ಹೇಳಿಕೊಟ್ಟದ್ದು. ಮೊದಲೇ ಹಾಕಿ ಕುದಿಸಿದರೆ ಬಿಯರಿಗೆ ಕಹಿ ಬರುತ್ತದೆ, ಕೊನೆಗೆ ಹಾಕಿದರೆ ಘಮ. ನಮ್ಮ ಒಗ್ಗರಣೆಯ ಲೆಕ್ಕವೇ ಅಂದಿದ್ದೆ.

ಬರಬರುತ್ತ ಬಾಟಲಿಯ ಮುಚ್ಚಳ ತೆಗೆದರೆ ಹಿತ್ತಲೆಲ್ಲ ಹಣ್ಣಿನ ಘಮ. ನಾನು ಬಾಯಿತುಂಬ ಹೊಗಳುತ್ತಿದ್ದೆ. ಅವರು ಮಾತ್ರ ಗುಟುಕನ್ನು ಬಾಯಲ್ಲಿಟ್ಟುಕೊಂಡು ಅತ್ತಿತ್ತ ಹೊರಳಿಸುತ್ತಿದ್ದರು. ಒಮ್ಮೆ ಫೋನ್ ಇಟ್ಟ ಮೇಲೆ ಮೆಲ್ಲಗೆ, "ಈಗೀಗ ನೀರು ಕುಡ್ದಂಗ ಆಗ್ತೈತ್ರಿ" ಅಂದರು.

"ಹಂಗಂತ ಮಗಳಿಗೆ ಹೇಳ್ರಿ ಮತ್ತೆ."

"ಬ್ಯಾಡ್ರಿ. ಖುಷಿಯಾಗೈದಾಳೆ."

ಮೂಗಿನ ಹಿಂದೆಯೇ ನಾಲಿಗೆಯೂ ಹೋಯಿತೇನೋ ಎಂದು ನಾನು ಮರುಗಿದೆ. ಆ ಚಳಿಗಾಲ ಕಳೆಯುವ ಮೊದಲೇ ಅವರು ಹೋಗಿಬಿಟ್ಟರು. ಹರಿಹರದಲ್ಲಿ, ಹೆಂಡತಿಯ ಪಕ್ಕದಲ್ಲಿ ಮಣ್ಣು ಮಾಡಿದರು.

ಮನೆ ಖಾಲಿ ಮಾಡಲು ಬಂದ ಮಗಳು ನನ್ನ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದಳು. "ಅಪ್ಪ ವಾಸನೆ ಬಗ್ಗೆ ಇಷ್ಟು ಚಂದ ಮಾತಾಡ್ತಾನೆ ಅಂತ ಗೊತ್ತೇ ಇರ್ಲಿಲ್ಲ ಆಂಟಿ. ಅವ್ನಿಗೆ ಅದೇ ಇಷ್ಟ ಅಂತ ಪ್ರತಿ ಸಲ ಕಹಿ ಕಮ್ಮಿ ಮಾಡಿ, ವಾಸನೆ ಜಾಸ್ತಿ ಮಾಡ್ತಾ ಬಂದೆ" ಅಂದಳು.

ಇನ್ನು ಯಾರಿಗಾಗಿ ಮುಚ್ಚಿಡುವುದು? ಎಲ್ಲವನ್ನೂ ಹೇಳಿದೆ.

ಅವಳು ಕಪ್ಪನ್ನು ಕೆಳಗಿಟ್ಟಳು. "ಹಂಗಾದ್ರೆ ಅಪ್ಪಂಗೆ ಗೊತ್ತಾಗ್ತಿದ್ದಿದ್ದು ಕಹಿ ಒಂದೇನಾ?" ಎಂದು ಕೇಳಿದಳು. ಹೂಂ ಅಂದೆ. ಎದ್ದು ಹೋಗಿ ಕಪ್ಪು ತೊಳೆದಳು. ತೊಳೆದ ಕಪ್ಪನ್ನೇ ಮತ್ತೆ ಮತ್ತೆ ತೊಳೆದಳು. ಅವಳು ಖುಷಿಯಾಗಿರಲಿ ಎಂದು ಅವರು ಬಾಯಿ ಬಿಡಲಿಲ್ಲ, ಅವರು ಖುಷಿಯಾಗಿರಲಿ ಎಂದು ಅವಳು ಕಹಿ ತೆಗೆಯುತ್ತ ಹೋದಳು.

ಈಗ ಮಹಡಿಗೆ ಬೀಗ. ಬೇರೆಯವರಿಗೆ ಕೊಡಲು ಮನಸ್ಸಾಗಿಲ್ಲ. ಭಾನುವಾರಗಳು ಮುಗಿಯುವುದೇ ಇಲ್ಲ...

ಹೋದ ವಾರ ಡ್ರೈವರ್ ಒಂದು ಬಾಟಲಿ ತಂದುಕೊಟ್ಟ. ಮುಚ್ಚಳ ತೆಗೆದು ಮೂಸಿದೆ. ಏನೂ ಇಲ್ಲ. ನನ್ನ ಮೂಗಿಗೇ ಏನೋ ಆಯಿತೆಂದು ಗಾಬರಿಯಾಗಿ ಫೋನ್ ಮಾಡಿದೆ.

"ವಾಸನೆನೇ ಇಲ್ವಲ್ಲಮ್ಮ ಇದ್ರಾಗೆ."

"ಕೊನೆಗೆ ಹಾಕೋ ಹೂ ಹಾಕಿಲ್ಲ ಆಂಟಿ. ಪೂರ್ತಿ ಕಹಿಗೇ ಮಾಡಿದ್ದು. ಅಪ್ಪಂಗೆ."

ಅವಳೂ ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ. ಹೇಗಿದೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೂ ಅದನ್ನು ಹೇಳಬೇಕಾದವರು ಹರಿಹರದ ಮಣ್ಣಿನಲ್ಲಿದ್ದರು.