ಕೂರಲಾರದ ಗಾರ್ಡು

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಅಗ್ರಹಾರದಲ್ಲಿ ನಿವೃತ್ತರಿಗೆಂದು ನಾವು ನಡೆಸುತ್ತಿದ್ದ ಸಂಜೆಕೂಟಕ್ಕೆ, ರೈಲಿನಲ್ಲಿ ಗಾರ್ಡಾಗಿದ್ದವರೊಬ್ಬರು ಬರುತ್ತಿದ್ದರು. ಚದುರಂಗದ ಆಟ ಅರ್ಧಕ್ಕೇ ಬಿಟ್ಟು ಎದ್ದು ಬಾಗಿಲಿಗೆ ಹೋಗಿ ಬೀದಿ ನೋಡುವರು. ಮತ್ತೆ ಬಂದು ಕೂರುವರು, ಮತ್ತೆ ಏಳುವರು.

"ಸುಮ್ನೆ ಕೂತ್ರೆ ತುಕ್ಕು ಹಿಡೀತದೆ ಕಣ್ರೀ" ಎನ್ನುವುದು ಅವರ ಮಾತು.

ಆಗಷ್ಟೇ ಹೆಂಡತಿಯನ್ನು ಕಳೆದುಕೊಂಡಿದ್ದ ಮೇಷ್ಟರೊಬ್ಬರು ಒಂದು ಸಂಜೆ ಕೂಟ ಮುಗಿದರೂ ಏಳಲಿಲ್ಲ. ಗಾರ್ಡು ಅವರ ಸುತ್ತಲೇ ಸುಳಿದಾಡಿ ಕೊನೆಗೆ ಕೇಳಿದರು: "ಮನೆಗೆ ಹೋಗಲ್ವಾ ಮೇಷ್ಟ್ರೇ?"

"ಹೋಗಿ ಏನ್ಮಾಡ್ಲಿ? ಅನ್ನ ಬೇಯಿಸೋಕೂ ಬರಲ್ಲ. ವಾರದಿಂದ ಬರೀ ಬಾಳೆಹಣ್ಣು."

"ನಂಗೂ ಬರಲ್ಲ. ಏಳಿ, ಇಬ್ರೂ ಕಲಿತ್ಬುಡೋಣ."

ಕೂಟದಲ್ಲಿ ಕಾಫಿ ಕಾಯಿಸುವ ಒಲೆಯ ಮೇಲೆಯೇ ಉಪ್ಪಿಟ್ಟಿಗಿಟ್ಟರು. ರವೆ ಸೀದುಹೋಯಿತು. ಮೇಷ್ಟರು ಕಣ್ಣೊರೆಸಿಕೊಳ್ಳುತ್ತ ಅದನ್ನೇ ಎರಡನೆಯ ಸಲವೂ ಬಡಿಸಿಕೊಂಡರು.

ಮಾರನೆಯ ಸಂಜೆ ನಾನು ಹೋಗುವಷ್ಟರಲ್ಲಿ ಚದುರಂಗದ ಮಣೆ ಮೂಲೆ ಸೇರಿತ್ತು. ಮುದುಕರೆಲ್ಲ ಹಸಿಮೆಣಸಿನಕಾಯಿ ಹೆಚ್ಚುತ್ತಿದ್ದರು. ಎಲ್ಲರಿಗಿಂತ ಮೊದಲು ಬಂದು ಒಲೆ ಹಚ್ಚಿದ್ದವರು ಮೇಷ್ಟರು.