ಮೀಟರಮ್ಮ ಮತ್ತು ಯಾರೂ ಇಲ್ಲದ ಮನೆ

ಬಯಲಿನಲ್ಲಿ ಸಂಗೀತದ ಮೇಳ ನಡೆದಾಗಲೆಲ್ಲ ಅವಳ ಕೆಲಸ ವೇದಿಕೆಯ ಬೆನ್ನಿಗೆ, ಹಾಡು ಬೇಡದವರ ಮನೆಗಳ ಮುಂದೆ. ಸ್ಟ್ಯಾಂಡಿನ ಮೇಲೆ ಸದ್ದು ಅಳೆಯುವ ಮೀಟರು ಕೂರಿಸಿ, ಅಂಕಿ ಮಿತಿ ದಾಟಿದರೆ ಗಂಡನಿಗೆ ಫೋನು ಮಾಡುತ್ತಾಳೆ. ಗಂಡ ಅತ್ತ ಜನರ ನಡುವಿನ ಟೆಂಟಿನಲ್ಲಿ, ಮಿಕ್ಸರ್ ಮುಂದೆ, ಫ್ಯಾನಿನ ಗಾಳಿಗೆ ಕೂತಿರುತ್ತಾನೆ. ಹಾಡುಗಾರರು ಅವನ ಕಿವಿಯನ್ನು ಹೊಗಳುತ್ತಾರೆ. ಗಿಟಾರಿನ ಒಂದು ತಂತಿ ಕೂದಲೆಳೆಯಷ್ಟು ಸಡಿಲವಾಗಿದ್ದರೂ ಹಿಡಿಯುತ್ತಾನಂತೆ. ಮನೆಯಲ್ಲಿ ಅದೇ ಕಿವಿಗೆ ಹಾಲು ಉಕ್ಕಿ ಒಲೆ ಚುರ್ ಎಂದದ್ದು ಕೇಳಿಸುವುದಿಲ್ಲ. ಮಗಳು ಕೂಸಾಗಿದ್ದಾಗ ಪಕ್ಕದಲ್ಲೇ ಮಲಗಿ ಕಿರುಚಿದರೂ ಕೇಳಿಸುತ್ತಿರಲಿಲ್ಲ.

ಮದುವೆಯಾದ ಹೊಸದರಲ್ಲಿ ಅವಳು ಕೇಬಲ್ ಸುತ್ತುತ್ತಿದ್ದಳು, ಬಾಕ್ಸುಗಳ ಧೂಳು ಒರೆಸುತ್ತಿದ್ದಳು, ಹುಡುಗರಿಗೆಲ್ಲ ಊಟ ಕಟ್ಟುತ್ತಿದ್ದಳು. ಇಷ್ಟಕ್ಕೂ ಸೇರಿ ‘ಸ್ವಲ್ಪ ಕೈ ಜೋಡಿಸ್ತಾಳೆ’ ಎಂಬ ಒಂದೇ ಹೆಸರಿತ್ತು. ಸದ್ದಿಗೆ ಮಿತಿ ಬಂದು, ಅಳೆಯುವವರು ಬೇಕೇ ಬೇಕು ಎಂದಾದಾಗ, ಬಿಸಿಲಲ್ಲಿ ನಿಂತು ಎರಡೂ ಕಡೆಯಿಂದ ಬೈಸಿಕೊಳ್ಳುವ ಆ ಕೆಲಸ ಯಾರಿಗೂ ಬೇಡವಾಯಿತು. ಅವಳು ಪರೀಕ್ಷೆ ಕಟ್ಟಿ ಪಾಸಾದಳು. ಅಂದಿನಿಂದ ಎಲ್ಲರ ಬಾಯಲ್ಲೂ ಮೀಟರಮ್ಮ.

ಈ ಸಲದ ಮೇಳದ ಆಯೋಜಕನಿಗೆ ಅವಳು ಮನಸ್ಸಿನಲ್ಲೇ ಬಿಳಿ ಶೂ ಎಂದು ಹೆಸರಿಟ್ಟಿದ್ದಳು. ಎಲ್ಲರೂ ಕೆಸರು ತುಳಿಯುವ ಬಯಲಿನಲ್ಲಿ ಅವನ ಶೂ ಮಾತ್ರ ಬೆಳ್ಳಗೇ ಇತ್ತು.

“ಅಕ್ಕಾ, ಆ ಹಳದಿ ಮನೆ ಬಿಟ್ಬಿಡಿ, ಖಾಲಿ. ಯಜಮಾನ್ರನ್ನ ಎರಡು ದಿನ ಹೋಟೆಲಿಗೆ ಕಳಿಸಿದೀವಿ. ಮಕ್ಕಳ ಜೊತೆ ಹಾಯಾಗಿ ಈಜಾಡ್ತಿದಾರೆ. ನೀವು ಮೀಟರು ಹಿಂದಿನ ಬೀದೀಲಿಡಿ.”

“ಯಾರೂ ಇಲ್ಲ ಅಂತ ಹೇಳಿದ್ಯಾರು?”

“ಅವರೇ! ಮನೆ ಯಜಮಾನ್ರೇ ಹೇಳಿದ್ಮೇಲೆ ಇನ್ನೇನು? ಅಲ್ಲ ಅಕ್ಕಾ, ಮನೇಲೂ ಅಣ್ಣನ ವಾಲ್ಯೂಮು ನೀವೇ ಇಳಿಸ್ತೀರಾ?”

ಪಕ್ಕದಲ್ಲಿದ್ದ ಗಂಡ ಹಲ್ಲು ಕಿರಿದ. ಅವಳು ಸ್ಟ್ಯಾಂಡನ್ನು ಹೆಗಲಿಗೇರಿಸಿ ಹೊರಟಳು.

ಹಿಂದಿನ ಬೀದಿಗೆ ದಾರಿ ಹಳದಿ ಮನೆಯ ಗೋಡೆಯ ಪಕ್ಕದಲ್ಲೇ. ಖಾಲಿ ಮನೆ ಎಂಬ ಸುದ್ದಿ ಕೆಲಸದವರಿಗೂ ಮುಟ್ಟಿತ್ತು. ಬೆಳಗಿನಿಂದ ಗಂಡಸರೆಲ್ಲ ಆ ಗೋಡೆಗೇ ಉಚ್ಚೆ ಹೊಯ್ದಿದ್ದರು. ನಾಲ್ಕು ಹೆಜ್ಜೆ ಆಚೆ ಸಾಲಾಗಿ ಬಾಡಿಗೆ ಶೌಚಾಲಯಗಳಿದ್ದವು. ಗಬ್ಬು ನೆತ್ತಿಗೇರಿ, ಸೆರಗನ್ನು ಮೂಗಿಗೊತ್ತಿಕೊಂಡು ಬೇಗ ಬೇಗ ದಾಟುವಾಗ ಅವಳ ಕಣ್ಣಿಗೆ ಹಿತ್ತಲಿನ ಹಗ್ಗ ಬಿತ್ತು. ಅದರ ಮೇಲೆ ಎರಡು ಹಾಸು ಬಟ್ಟೆ, ಒಂದು ರಬ್ಬರ್ ಶೀಟು. ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

ಇದೇ ಗೋಡೆಯ ಪಕ್ಕ ಎಷ್ಟು ಗಂಡಸರು ಓಡಾಡಿದ್ದರು! ಒಗೆದ ಬಟ್ಟೆ ತಾನಾಗಿ ಒಗೆದುಕೊಂಡಿತೆಂದು ನಂಬಿ ಬೆಳೆದವರಿಗೆ ಅದು ಹೇಗೆ ಕಾಣಬೇಕು?

ಅವಳು ಬಾಗಿಲು ಬಡಿದಳು. ತೆರೆದವಳ ಕೂದಲು ಕೆದರಿತ್ತು, ಮಾತಾಡುವಾಗಲೂ ಕಣ್ಣು ಒಳಗಿನ ಕೋಣೆಯ ಕಡೆಗೇ ಇತ್ತು.

“ಮನೆ ಖಾಲಿ ಅಂದ್ರು...”

“ಹೂಂ. ಅವರೂ ಮಕ್ಕಳೂ ಹೋಗಿದಾರೆ.”

“ನೀವು?”

“ನಾನು ಹೋದ್ರೆ ಅತ್ತೇನ ನೋಡ್ಕೊಳ್ಳೋರ್ಯಾರು? ಮಂಚ ಹೊತ್ಕೊಂಡು ಹೋಟೆಲಿಗೆ ಹೋಗಕ್ಕಾಗುತ್ತಾ?”

ಒಳಗೆ ಮುದುಕಿ ಮಲಗಿದ್ದಳು. ಲಕ್ವ ಹೊಡೆದ ಮೇಲೆ ದನಿ ಉಸಿರಿನಷ್ಟೇ ಉಳಿದಿತ್ತು. ಆಗಾಗ ಗಂಟಲಿಗೆ ಕಫ ಅಡರುತ್ತದೆ, ಆಗ ತಕ್ಷಣ ಎತ್ತಿ ಮಗ್ಗುಲಿಗೆ ಹೊರಳಿಸದಿದ್ದರೆ ಉಸಿರು ಕಟ್ಟುತ್ತದೆ ಎಂದಳು ಸೊಸೆ. ಅಡುಗೆಮನೆಯಲ್ಲಿದ್ದರೂ ಆ ಗೊರಗೊರ ಅವಳಿಗೆ ಕೇಳಿಸುತ್ತಿತ್ತು. ಇವತ್ತು ಕೇಳಿಸುವುದಿಲ್ಲ. ಗೇಟು ತೆಗೆಯುವ ಮುಂಚಿನ ಪರೀಕ್ಷೆಗೆಂದು ಬಯಲಿನಲ್ಲಿ ಬೇಸ್ ಬಾಕ್ಸು ಗುದ್ದಿದಾಗಲೆಲ್ಲ ಕಿಟಕಿಯ ಗಾಜು ಗಡಗಡ ಎನ್ನುತ್ತಿತ್ತು, ಮೇಜಿನ ಮೇಲಿನ ಸ್ಟೀಲ್ ಲೋಟ ತಾನೇ ಜರುಗುತ್ತಿತ್ತು.

“ಬೆಳಗ್ಗಿಂದ ಇಲ್ಲೇ ಕೂತಿದೀನಿ. ಮಧ್ಯೆ ಒಂದ್ಸಲ ನಿಲ್ಲಿಸಿದ್ರಲ್ಲ, ಆಗ ಬಟ್ಟೆ ಒಗೆದೆ. ಸ್ನಾನ ಇಲ್ಲ, ಊಟ ಇಲ್ಲ. ಬಾತ್‌ರೂಮಿಗೂ ಓಡಿ ಹೋಗಿ ಓಡಿ ಬರೋದು.”

“ಯಜಮಾನ್ರಿಗೆ ಹೇಳಲಿಲ್ವಾ?”

“ಫೋನ್ ಮಾಡಿದ್ದೆ. ಕಿವಿಗೆ ಹತ್ತಿ ಇಟ್ಕೋ ಅಂದ್ರು.”

ಮೀಟರಮ್ಮ ಸ್ಟ್ಯಾಂಡನ್ನು ಗೋಡೆಗೆ ಒರಗಿಸಿದಳು. ಮೀಟರನ್ನು ಕಿಟಕಿಗೆ ಹಿಡಿದಳು. ಅಂಕಿ ಮಿತಿಯನ್ನು ಆಗಲೇ ದಾಟಿ ಮೇಲೆ ಕೂತಿತ್ತು. ಗಂಡನಿಗೆ ಫೋನು ಹಚ್ಚಿದಳು.

“ರೀ, ಬೇಸ್ ನಿಲ್ಲಿಸಿ. ಹಳದಿ ಮನೇಲಿ ಜನ ಇದಾರೆ.”

“ಯಾರೂ ಇಲ್ಲ ಕಣೇ ಅಲ್ಲಿ.”

“ಇಬ್ಬರು ಹೆಂಗಸರಿದಾರೆ.”

“ಅಯ್ಯೋ, ನಾನು ಯಾರೋ ಅಂದ್ಕೊಂಡೆ!”

ಅವಳು ಫೋನು ಕತ್ತರಿಸಿ, ಕೆಸರಿನಲ್ಲಿ ಪಚಪಚ ತುಳಿಯುತ್ತ ಟೆಂಟಿಗೆ ಹೋದಳು. ವೇದಿಕೆಯ ಕೆಳಗೆ ಸಾಲಾಗಿಟ್ಟ ಬೇಸ್ ಬಾಕ್ಸುಗಳಲ್ಲಿ ಮೂರಕ್ಕೊಂದನ್ನು ಹಿಂದು ಮುಂದಾಗಿ ತಿರುಗಿಸಿ ಮಿಕ್ಸರಿನಲ್ಲಿ ಹೊಂದಿಸಿದರೆ, ಹಿಂದಕ್ಕೆ ಹೋಗುವ ಗುದ್ದು ಬಹುಪಾಲು ಅಲ್ಲೇ ಸಾಯುತ್ತದೆ. ಗಂಡನಿಗೆ ಇದು ಚೆನ್ನಾಗಿ ಗೊತ್ತು. ಮನೆ ಖಾಲಿ ಎಂದ ಮೇಲೆ ಅಷ್ಟು ಮೈ ಬಗ್ಗಿಸುವುದು ಯಾಕೆಂದು ಬಿಟ್ಟಿದ್ದ. ಈಗ ತಿರುಗಿಸಿ ಎಂದಳು ಅವಳು.

“ಬಾಕ್ಸಿನ ಮುಂದೆ ಬ್ಯಾನರ್ ಕಟ್ಟಾಗಿದೆ ಅಕ್ಕಾ,” ಎಂದ ಬಿಳಿ ಶೂ. “ಬಿಚ್ಚಿದ್ರೆ ಗೇಟು ತೆಗೆಯೋದು ತಡ ಆಗುತ್ತೆ. ಒಂದು ಕೆಲಸ ಮಾಡೋಣ, ಅವರಿಬ್ಬರಿಗೂ ಒಂದು ಕಾರು ಕಳಿಸ್ತೀನಿ.”

“ಮಲಗಿದೋರನ್ನ ಮಡಚಿ ಡಿಕ್ಕಿಗೆ ಹಾಕ್ತೀರಾ?”

“ಎರಡೇ ದಿನ ಅಲ್ವಾ, ಸ್ವಲ್ಪ ಅಡ್ಜಸ್ಟ್...”

“ಜನ ಇರೋ ಮನೆ ಕಿಟಕೀಲಿ ಮಿತಿ ದಾಟಿದ್ರೆ ಮೇಳ ಇಲ್ಲ. ಪರ್ಮಿಷನ್ ಕೊಟ್ಟಿರೋದೇ ಹಾಗೆ. ಕಚೇರಿಗೆ ನಾನು ಹೇಳಲಾ, ನೀವು ಬಾಕ್ಸು ತಿರುಗಿಸ್ತೀರಾ?”

ಗಂಡನ ಮುಖ ಕಪ್ಪಿಟ್ಟಿತು. “ನಮ್ಮ ಹೊಟ್ಟೆ ಮೇಲೆ ನೀನೇ ಹೊಡೀತೀಯಲ್ಲೇ. ಇನ್ಮೇಲೆ ನಮ್ಮನ್ನ ಯಾರು ಕರೀತಾರೆ?”

“ಆ ಹೊಟ್ಟೆಗೆ ದಿನಾ ಬೇಯಿಸಿ ಹಾಕೋಳು ನಾನು. ನನಗೆ ಲೆಕ್ಕ ಹೇಳಬೇಡಿ. ತಿರುಗಿಸಿ.”

ಬ್ಯಾನರ್ ಬಿಚ್ಚಿದರು. ಹುಡುಗರು ಗೊಣಗುತ್ತ ಬಾಕ್ಸುಗಳನ್ನು ಎಳೆದರು. ಗಂಡ ಅವಳ ಮುಖ ನೋಡದೆ ಮಿಕ್ಸರ್ ತಿರುವಿದ. ಅವಳು ಹಳದಿ ಮನೆಗೆ ವಾಪಸಾಗಿ ಮುದುಕಿಯ ಮಂಚದ ಪಕ್ಕ ಕುರ್ಚಿ ಎಳೆದುಕೊಂಡಳು. ಬೇಸ್ ಮತ್ತೆ ಶುರುವಾಯಿತು. ಗಾಜು ಸುಮ್ಮನಿತ್ತು. ಅಂಕಿ ಮಿತಿಯ ಕೆಳಗೆ ಬಂದು ನಿಂತಿತು.

“ಹೋಗಿ, ಸ್ನಾನ ಮಾಡ್ಕೊಂಡು ಬನ್ನಿ. ಇಲ್ಲಿ ನಾನಿರ್ತೀನಿ.”

ಸೊಸೆ ಅನುಮಾನಿಸುತ್ತಲೇ ಎದ್ದಳು. ಬಚ್ಚಲಿನ ಬಾಗಿಲು ಮುಚ್ಚಿತು, ಮೈಮೇಲೆ ನೀರು ಸುರಿದುಕೊಳ್ಳುವ ಸದ್ದು ಬಂತು. ಸ್ವಲ್ಪ ಹೊತ್ತಿಗೆ ಮುದುಕಿಯ ತುಟಿ ಅಲುಗಿತು.

“ನೀರು...”

ಮಂಚದ ಪಕ್ಕ ಕೂತವಳಿಗೇ ಅದು ಅರ್ಧ ಕೇಳಿಸಿತ್ತು. ಅಷ್ಟರಲ್ಲಿ ಬಚ್ಚಲಲ್ಲಿ ನೀರಿನ ಸದ್ದು ಥಟ್ಟನೆ ನಿಂತಿತು.

“ಬಂದೆ ಅತ್ತೇ!”

ಚಿಲಕ ಕಟಕಟ ಎಂದಿತು. ಕಣ್ಣಿಗೆ ಸೋಪು ಮೆತ್ತಿಕೊಂಡೇ ಸೊಸೆ ಹೊರಟಂತಿತ್ತು. ಮುದುಕಿ ಕೂಗಿದರೆ ಕೇಳಿಸಲಿ ಎಂದೇ ಮೀಟರಮ್ಮ ಬಯಲಿನಲ್ಲಿ ಅಷ್ಟು ಹೊಡೆದಾಡಿದ್ದು, ಈಗ ಹಾಗೆ ಕೇಳಿಸಿದ್ದೇ ಇವಳನ್ನು ಸ್ನಾನದ ನಡುವೆ ಎಳೆದು ತರುತ್ತಿತ್ತು.

“ಬರಬೇಡಿ!” ಎಂದು ಅವಳು ಗಟ್ಟಿಯಾಗಿ ಕೂಗಿದಳು. “ನಾನು ಕೊಡ್ತೀನಿ. ನಿಧಾನಕ್ಕೆ ತಲೆಗೂ ನೀರು ಹಾಕ್ಕೊಂಡು ಬನ್ನಿ.”

ಮೀಟರನ್ನು ನೆಲದ ಮೇಲಿಟ್ಟು, ಮುದುಕಿಯ ಕತ್ತಿನ ಕೆಳಗೆ ಕೈ ಕೊಟ್ಟು ಎತ್ತಿ, ಚಮಚದಲ್ಲಿ ನೀರು ಹಿಡಿದಳು. ಒಂದು ಗುಟುಕು ಇಳಿಯಿತು. ಬಚ್ಚಲಿನ ಚಿಲಕ ಮತ್ತೆ ಬಿದ್ದ ಸದ್ದಾಯಿತು. ಆಮೇಲೆ ಒಂದು ಚೊಂಬು ನೀರು ಬಿತ್ತು, ತಡೆದು ಇನ್ನೊಂದು.