ಕುಂಬಳಕಾಯಿ ಸಮೇತ ನನ್ನ ತೂಕ

ಕೊಟ್ಟೂರಿನಲ್ಲಿ ನನ್ನದೊಂದು ಬಟ್ಟೆ ಅಂಗಡಿ. ಬಂದ ಗಿರಾಕಿಯನ್ನು ಕಣ್ಣಲ್ಲೇ ಅಳೆದು ಅವನ ಅಂಗಿಗೆ ಎಷ್ಟು ಬಟ್ಟೆ ಬೇಕೆಂದು ಹೇಳುವ ವಿದ್ಯೆ ನನಗೆ ಕರಗತ. ಅಂಥ ನನಗೆ ನನ್ನದೇ ತೂಕ ಎಷ್ಟೆಂದು ತಿಳಿಯಲು ಅರವತ್ತರ ಅಂಚೂ, ಒಂದು ಸೈಕಲ್ಲೂ, ಅಕ್ಕನ ಮನೆಯ ಒಂದು ಕುಂಬಳಕಾಯಿಯೂ ಬೇಕಾದವು.

ಸೈಕಲ್ಲೆಂದರೆ ಅಂತಿಂಥದಲ್ಲ. ಗುಡ್ಡ ಹತ್ತಿ ಇಳಿಯುವುದಕ್ಕೆಂದೇ ಮಾಡಿದ್ದು. ದಪ್ಪ ಟೈರು, ಪೆಟ್ಟು ನುಂಗಲು ಮುಂದೊಂದು ಶಾಕ್ ಅಬ್ಸಾರ್ಬರು, ನಮ್ಮ ಬಾಯಲ್ಲಿ ಶಾಕು, ಹಿಂದೊಂದು ಶಾಕು, ಎರಡರ ಹೊಟ್ಟೆಯಲ್ಲೂ ಗಾಳಿ. ಮೊದಲು ಇಂಥ ಸೈಕಲ್ ತಂದವನು ನನ್ನ ಷಡ್ಡಕ, ಎಂದರೆ ಹೆಂಡತಿಯ ತಂಗಿಯ ಗಂಡ. ಕೂಡ್ಲಿಗಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟವನು. ಅವನದಕ್ಕೆ ಮುಂದೆ ಮಾತ್ರ ಶಾಕು, ಒಳಗೆ ಬರೀ ಸ್ಪ್ರಿಂಗು. ಷಡ್ಡಕನಿಗೆ ಒಂದಿದ್ದರೆ ನನಗೆ ಎರಡಿರಬೇಕೆಂಬುದು ನೆಂಟಸ್ತನದ ಮೂಲಭೂತ ತತ್ವ. ಅದನ್ನು ನಾನು ಪಾಲಿಸಿದೆ, ಅಷ್ಟೆ.

ನಮ್ಮ ಭಾನುವಾರಗಳ ಗುರಿ ಒಂದು ಇಳಿಜಾರು. ಹತ್ತಿರದ ಅರಸೀಕೆರೆಯಲ್ಲಿ (ರೈಲು ಜಂಕ್ಷನ್ನಿನ ಅರಸೀಕೆರೆಯಲ್ಲ, ನಮ್ಮ ಸೀಮೆಯದು) ನನ್ನ ಅಕ್ಕನ ಮನೆ; ಅಲ್ಲಿಂದ ಹಳೆಯ ಗಾಡಿ ದಾರಿ ಹಿಡಿದು ಮರಳುವಾಗ ಒಂದು ಗುಡ್ಡ ಇಳಿಯಬೇಕು. ಅದರ ಮೈಮೇಲೆ ಕಲ್ಲುಗಳು ಮುದುಕನ ಹಲ್ಲಿನಂತೆ ಅಲ್ಲೊಂದು ಇಲ್ಲೊಂದು ಎದ್ದು ನಿಂತಿವೆ. ಷಡ್ಡಕ ಅದನ್ನು ಕಾಲೂರದೆ ಇಳಿಯುತ್ತಿದ್ದ. ನಾನು ಎರಡು ಶಾಕಿನ ಒಡೆಯನಾಗಿಯೂ ಅರ್ಧ ದಾರಿ ಸೈಕಲ್ಲಿನ ಮೇಲೆ, ಉಳಿದರ್ಧ ಸೈಕಲ್ಲಿನ ಕೆಳಗೆ ಇಳಿಯುತ್ತಿದ್ದೆ. ಎರಡನೆಯ ಬಾರಿ ಹೀಗೆ ಇಳಿದು ಬಂದ ದಿನ ಹೆಂಡತಿ ನನ್ನ ಮೊಣಕಾಲಿಗೆ ಅರಿಸಿನ ಮೆತ್ತುತ್ತಾ ತೀರ್ಪು ಕೊಟ್ಟಳು.

"ಇನ್ನೊಂದ್ಸಲ ಮೊಣಕಾಲು ಕೆತ್ತಿಸ್ಕೊಂಡು ಬರ್ರಿ. ಸೈಕಲ್ ಅಟ್ಟಕ್ಕ ಹೋಗತೈತಿ. ಅಲ್ಲಿ ತೊಟ್ಲು ಐತಲ್ಲ, ಅದರ ಬಾಜೂಕ."

ಅಟ್ಟಕ್ಕೆ ಹೋದ ಯಾವ ವಸ್ತುವೂ ನಮ್ಮ ಮನೆಯ ಇತಿಹಾಸದಲ್ಲಿ ಮರಳಿ ಕೆಳಗಿಳಿದಿಲ್ಲ. 

ಅಂದಿನಿಂದ ಶಾಕುಗಳ ಅಧ್ಯಯನಕ್ಕೆ ಕೂತೆ. ಮೊಬೈಲಿನಲ್ಲಿ ಯಾರೋ ಗಡ್ಡದವರು ಹೇಳಿಕೊಡುತ್ತಿದ್ದರು. ಮುಖ್ಯ ಸಂಗತಿ ಎರಡೇ. ಒಂದು, ಗಾಳಿ. ಸವಾರ ಹತ್ತಿ ನಿಂತರೆ ಶಾಕು ತನ್ನ ಏರಿಳಿತದ ಪೂರ್ತಿ ಆಟದಲ್ಲಿ ಕಾಲು ಭಾಗದಷ್ಟು ಕುಸಿಯಬೇಕು. ಕುಸಿಯದಿದ್ದರೆ ಗಾಳಿ ಹೆಚ್ಚು, ಸೈಕಲ್ ಕಲ್ಲಿನ ಮೇಲೆ ಚೆಂಡಿನಂತೆ ಪುಟಿಯುತ್ತದೆ. ಪೂರ್ತಿ ಕುಸಿದರೆ ಗಾಳಿ ಕಡಿಮೆ, ಪೆಟ್ಟು ನೇರ ಬೆನ್ನಿಗೆ. ಎಷ್ಟು ಕುಸಿಯಿತೆಂದು ತೋರಿಸಲು ಶಾಕಿನ ಹೊಳೆಯುವ ಕಾಲಿಗೆ ಒಂದು ರಬ್ಬರ್ ಉಂಗುರ ತೊಡಿಸಿರುತ್ತಾರೆ, ಅದು ಜರುಗಿ ಸಾಕ್ಷಿ ಹೇಳುತ್ತದೆ. ಎರಡನೆಯದು, ತಳದಲ್ಲಿರುವ ಕೆಂಪು ಗುಂಡಿ. ಕುಸಿದ ಶಾಕು ಎಷ್ಟು ಬೇಗ ಮೇಲೇಳಬೇಕೆಂಬುದು ಅದರ ಕೈಯಲ್ಲಿ. ತೀರ ಬೇಗ ಎದ್ದರೆ ಸವಾರನನ್ನು ಒದೆಯುತ್ತದೆ, ತೀರ ನಿಧಾನವಾದರೆ ಒಂದು ಕಲ್ಲಿಗೆ ಕುಸಿದದ್ದು ಮುಂದಿನ ಕಲ್ಲಿಗೂ ತಲೆ ಎತ್ತುವುದಿಲ್ಲ. ನಮ್ಮ ಕಡೆಯ ಕೆಲವು ಅಳಿಯಂದಿರ ಹಾಗೆ.

ಈ ಜ್ಞಾನವನ್ನು ಷಡ್ಡಕನಿಗೆ ಉಪದೇಶಿಸಿದೆ. ಅವನು ತಾನೂ ಒಂದು ಕೈ ಸೇರಿಸುತ್ತೇನೆಂದು ನನ್ನ ಶಾಕಿನ ಕಾಲುಗಳಿಗೆ ಹರಳೆಣ್ಣೆ ಸವರಿಟ್ಟ. ಗಾಡಿಯ ಅಚ್ಚಿಗೂ, ಮಕ್ಕಳ ನೆತ್ತಿಗೂ ಅದೇ ಆಗಿರುವಾಗ ಇದಕ್ಕೇಕೆ ಬೇಡ ಎಂಬುದು ಅವನ ತರ್ಕ. ಎಣ್ಣೆಗೆ ದಾರಿಯ ಕೆಂಪು ಧೂಳೆಲ್ಲ ಮೆತ್ತಿ, ಶಾಕು ಕೆಮ್ಮುವ ಮುದುಕನಂತೆ ಕರ್ ಕರ್ ಎನ್ನತೊಡಗಿತು. ಶನಿವಾರ ಒಂದಿಡೀ ಸಂಜೆ ಹಳೇ ಧೋತರದ ತುಂಡಿನಿಂದ ಒರೆಸಿದೆ. ಅಲ್ಲಿ ಬೇಕಾದದ್ದು ಎಣ್ಣೆಯಲ್ಲ, ಸ್ವಚ್ಛತೆ.

"ಹರಳೆಣ್ಣಿಗೆ ಅಪಮಾನ ಮಾಡಬ್ಯಾಡಣ್ಣ," ಎಂದ ಅವನು. "ನಮ್ಮಜ್ಜ ಅದನ್ನ ಹಚ್ಕೊಂಡೇ ತೊಂಬತ್ತು ದಾಟಿದ."

"ನಿಮ್ಮಜ್ಜ ಗುಡ್ಡ ಇಳದಿದ್ನೇನು?"

"ಇಲ್ಲ. ಹತ್ತಿದ್ದೇ ಇಲ್ಲಲ್ಲ, ಅದಕ್ಕ ದಾಟಿದ."

ಮರುದಿನ ಭಾನುವಾರ. ಬೆಳಿಗ್ಗೆ ಶಾಸ್ತ್ರೋಕ್ತವಾಗಿ ಗಾಳಿ ಹಾಕುವ ಕಾರ್ಯ. ರಕ್ತದ ಸಕ್ಕರೆ ನೋಡಿಸುವಾಗ ಖಾಲಿ ಹೊಟ್ಟೆಯಲ್ಲಿ ಬರಬೇಕು, ತಿಂದು ಬಂದರೆ ಲೆಕ್ಕ ತಪ್ಪುತ್ತದೆ ಎಂದು ಡಾಕ್ಟರು ಹೇಳಿದ್ದು ನನ್ನ ನೆನಪಿನಲ್ಲಿತ್ತು. ಸಕ್ಕರೆಗೆ ಇಷ್ಟು ನೇಮವಿದ್ದರೆ ತೂಕಕ್ಕೆ ಇನ್ನೆಷ್ಟಿರಬೇಡ! ಚಹಾ ಕೂಡ ಮುಟ್ಟದೆ, ಬನಿಯನ್ನು ಮತ್ತು ಚಡ್ಡಿಯಲ್ಲಿ, ಪಡಸಾಲೆಯ ಗೋಡೆಗೆ ಮೊಣಕೈ ಆನಿಸಿ ಪೆಡಲುಗಳ ಮೇಲೆ ನಿಂತೆ. ಉಂಗುರ ಜರುಗಿತು. ಹೆಂಡತಿ ಕೆಳಗೆ ಕೂತು ಅಂಗಡಿಯ ಟೇಪಿನಿಂದ ಅಳೆದಳು.

"ಕಾಲು ಭಾಗ ಬಂತೇನು?"

"ಬಂತು. ಇನ್ನ ಕೆಳಗಿಳೀರಿ, ಹಾಲಿನವ್ನು ನೋಡಾಕತ್ತ್ಯಾನ."

ಹೊರಟೆವು. ಆ ಬೆಳಗಿನ ಸವಾರಿಯನ್ನು ಏನೆಂದು ವರ್ಣಿಸಲಿ! ಕಪ್ಪು ಎರಿ ಹೊಲದ ಬಿರುಕು, ಕೆಂಪು ಮಸಾರಿ ನೆಲದ ಗೊರಚು ಕಲ್ಲು, ಟ್ರ್ಯಾಕ್ಟರು ಕೊರೆದ ಗಾಲಿದಾರಿ, ಎಲ್ಲವೂ ಕೆಳಗೆ ಇದ್ದವು, ಆದರೆ ಅವುಗಳ ದೂರು ನನ್ನವರೆಗೆ ಬರುತ್ತಿರಲಿಲ್ಲ. ಮುಂದಿನ ಗಾಲಿ ಹಳ್ಳಕ್ಕೆ ಇಳಿದು ಎದ್ದು ಬರುತ್ತಿತ್ತು, ನನ್ನ ಕೈ ಮಾತ್ರ ನೆಮ್ಮದಿಯಾಗಿ ಹ್ಯಾಂಡಲ್ ಮೇಲೆ. ಮೆಕ್ಕೆಜೋಳದ ಬದುವಿನಲ್ಲಿ ಇದ್ದಕ್ಕಿದ್ದಂತೆ ಎದುರಾದ ಕಾಲುವೆಯನ್ನು ಬ್ರೇಕು ಹಿಡಿಯದೆ ದಾಟಿದೆ. ಹಿಂದೆ ಬರುತ್ತಿದ್ದ ಷಡ್ಡಕ "ಅಣ್ಣಾ, ಏನ್ ಕುಡದು ಬಂದಿ?" ಎಂದು ಕೂಗಿದ. ಚಹಾ ಕೂಡ ಕುಡಿದಿರಲಿಲ್ಲ. ಅದೇ ಗುಟ್ಟು ಎಂದು ನಾನು ನಂಬಿದ್ದೆ.

ಅಕ್ಕನ ಮನೆ ತಲುಪಿದೆವು. ನಮ್ಮ ಕಡೆ ತಮ್ಮನಾದವನು ಅಕ್ಕನ ಮನೆಯಿಂದ ಬರಿಗೈಲಿ ಹೋಗುವುದು ಕಾನೂನುಬಾಹಿರ. ಬರಿ ಹೊಟ್ಟೆಯಲ್ಲಿ ಹೋಗುವುದಂತೂ ಜಾಮೀನಿಲ್ಲದ ಅಪರಾಧ. ಬಿಸಿ ರೊಟ್ಟಿ, ಎಣ್ಣೆಗಾಯಿ, ಕೆಂಪು ಚಟ್ನಿ, ಗಟ್ಟಿ ಮೊಸರು. ಸಾಕೆಂದಾಗಲೆಲ್ಲ ಇನ್ನೊಂದು ರೊಟ್ಟಿ. ಬಳಿಕ ಗಂಟು ಕಟ್ಟುವುದು ಶುರುವಾಯಿತು. ನನ್ನ ಬೆನ್ನುಚೀಲದೊಳಗೆ ಗರಿಗರಿ ಕಟಿರೊಟ್ಟಿಯ ಕಟ್ಟು, ಶೇಂಗಾ, ಹುರಿಹಿಟ್ಟಿನ ಡಬ್ಬಿ ಇಳಿದವು. ಇನ್ನೇನು ಜಿಪ್ ಎಳೆಯಬೇಕು, ಅಕ್ಕ ಹಿತ್ತಲಿಂದ ಒಂದು ಸಿಹಿಕುಂಬಳಕಾಯಿ ಎತ್ತಿಕೊಂಡು ಬಂದಳು. ಮಗುವನ್ನು ಎತ್ತಿಕೊಂಡು ಬಂದ ಹಾಗೆ ಎರಡೂ ಕೈಯಲ್ಲಿ.

"ಅಕ್ಕಾ, ಸೈಕಲ್ ಮ್ಯಾಲೆ ಬಂದೀನವ್ವ."

"ಅದಕ್ಕ ಒಂದೇ ಕೊಡಾಕತ್ತೀನಿ. ಕಾರಿನ್ಯಾಗ ಬಂದಿದ್ರ ನಾಕು ಕೊಡ್ತಿದ್ದೆ."

ಊರು ದಾಟಿದ ಮೇಲೆ ಮೊದಲ ಗುಂಡಿಯಲ್ಲಿಯೇ 'ಟಕ್' ಎಂದಿತು. ಎರಡನೆಯದರಲ್ಲಿ ಹಿಂದೆಯೂ 'ಟಕ್'. ಬೆಳಗಿನ ಆ ದಿವ್ಯ ವಾಹನ ಈಗ ತುಂಬುಗಬ್ಬದ ಎಮ್ಮೆಯಂತೆ ಹೊಯ್ದಾಡುತ್ತಿತ್ತು. ಗುಡ್ಡದ ನೆತ್ತಿ ತಲುಪಿ ನೋಡಿದೆ: ಉಂಗುರ ಕಾಲು ಭಾಗವೇನು, ಪೂರ್ತಿ ಮೇಲೆ ಹೋಗಿ ಕೂತಿದೆ. ಶಾಕಿನಲ್ಲಿ ಆಟವೇ ಉಳಿದಿರಲಿಲ್ಲ. ಕೆಳಗೆ ಆ ಹಲ್ಲುಗಳು. ಮನೆಯಲ್ಲಿ ಆ ಅಟ್ಟ.

"ಕುಂಬಳಕಾಯಿ ನಿನ್ನ ಚೀಲದಾಗ ಹಾಕ್ಕೊ," ಎಂದೆ.

"ನಂದು ಸ್ಪ್ರಿಂಗ್ ಐತಣ್ಣ. ಅದು ನನ್ನ ಒಬ್ಬಾಂವನ್ನ ಹೊರಾದೇ ದೊಡ್ಡದು. ಇಲ್ಲೇ ಬಿಟ್ಟು ನಡಿ, ಕುರಿ ಕಾಯೋರು ಒಯ್ತಾರ."

ಅಷ್ಟರಲ್ಲಿ ಮೊಬೈಲು ಮೊಳಗಿತು. ಹೆಂಡತಿ. "ನಿಮ್ಮಕ್ಕ ಫೋನ್ ಮಾಡಿದ್ರು. ಕುಂಬಳಕಾಯಿ ಕಳಿಸ್ಯಾರಂತ. ರಾತ್ರಿಗೆ ಪಲ್ಯ ಮಾಡ್ತೀನಿ, ಒಡಕೊಂಡು ಬರಬ್ಯಾಡ್ರಿ."

ಹೀಗೆ ಪ್ರಕರಣ ದಾಖಲಾಯಿತು. ಮೊಣಕಾಲಿನ ಜೊತೆ ಕುಂಬಳಕಾಯಿಯೂ ಈಗ ನ್ಯಾಯಾಲಯದ ವಶ.

ಕಲ್ಲಿನ ಮೇಲೆ ಕೂತು ಯೋಚಿಸಿದೆ. ಬೆಳಿಗ್ಗೆ ಗೋಡೆಗೆ ಆತು ನಿಂತು ತೂಗಿಸಿಕೊಂಡವನು ಯಾರು? ಬನಿಯನ್ನಿನ, ಹಸಿದ ಒಬ್ಬ ಮನುಷ್ಯ. ಅಂಥವನು ನಮ್ಮ ಸೀಮೆಯಲ್ಲಿ ಎಲ್ಲಿಯೂ ಪ್ರಯಾಣ ಮಾಡುವುದಿಲ್ಲ. ಇಲ್ಲಿ ದಾರಿ ನಡೆಯುವವನೆಂದರೆ ಉಂಡವನು, ಗಂಟು ಹೊತ್ತವನು. ನನ್ನ ತೂಕ ಎಂದರೆ ನಾನು, ನನ್ನ ಊಟ ಮತ್ತು ನನ್ನ ಅಕ್ಕ. ಸೈಕಲ್ ಮಾಡಿದವರ ತಪ್ಪೇನಿಲ್ಲ. ಹತ್ತುವಾಗ ಹೇಗಿರುತ್ತೀರೋ ಹಾಗೆಯೇ ನಿಂತು ಅಳೆಯಿರಿ ಎಂದು ಆ ಗಡ್ಡದವರೂ ಹೇಳಿದ್ದರು. ಹಾಗೆಂದರೆ ಹೆಲ್ಮೆಟ್ಟು ಎಂದು ಮಾತ್ರ ನಾನು ತಿಳಿದಿದ್ದೆ!

ಎದ್ದೆ. ಚೀಲ ಬಿಗಿದುಕೊಂಡೆ, ಕುಂಬಳಕಾಯಿ ಸಮೇತ. ಷಡ್ಡಕ ಹ್ಯಾಂಡಲ್ ಹಿಡಿದು ನಿಂತ. ಸೈಕಲ್ಲಿಗೆ ಕಟ್ಟಿಕೊಂಡಿದ್ದ ಕೈಪಂಪು ಹಚ್ಚಿ ಮುಂದಕ್ಕೆ ಗಾಳಿ, ಹಿಂದಕ್ಕೆ ಗಾಳಿ. ಹತ್ತುವುದು, ಉಂಗುರ ನೋಡುವುದು, ಇಳಿಯುವುದು, ಮತ್ತೆ ಪಂಪು. ಬೆವರು ಇಳಿಯಿತು. ಕೊನೆಗೆ ಉಂಗುರ ಕಾಲು ಭಾಗದಲ್ಲಿ ಬಂದು ನಿಂತಾಗ ಇಬ್ಬರೂ ಹೋ ಎಂದು ಕೂಗಿದೆವು.

ಉತ್ಸಾಹದಲ್ಲಿ ಅಲ್ಲಿಯೇ ಎರಡು ಮಾರು ಇಳಿದು ನೋಡಿದೆ. ಸೈಕಲ್ ಎಳೆಗರುವಿನಂತೆ ನನ್ನನ್ನು ಮೇಲಕ್ಕೆ ಒದೆಯಿತು. ಕುಂಬಳಕಾಯಿ ಬೆನ್ನಿಗೆ ಗುದ್ದಿ ಎಚ್ಚರಿಸಿತು. ಒಳಗೆ ಗಾಳಿ ಹೆಚ್ಚಿದರೆ ಮೇಲೇಳುವ ರಭಸವೂ ಹೆಚ್ಚು. ಕೆಂಪು ಗುಂಡಿಯನ್ನು ಮರೆತಿದ್ದೆ. ಕಾಲೂರಿ ಹಿಂದೆ ಬಂದೆ. ಗುಂಡಿಯನ್ನು ನಿಧಾನದ ಕಡೆಗೆ ತುಸು ತಿರುಗಿಸಿದೆ, ಹ್ಯಾಂಡಲ್ ಒತ್ತಿ ಬಿಟ್ಟೆ. ಒತ್ತಿದರೆ ಕುಸಿದು, ಬಿಟ್ಟರೆ ಹಿರಿಯರು ಗೌಡಕಿಯ ಗತ್ತಿನಿಂದ ಎದ್ದು ನಿಲ್ಲುವಂತೆ ಎದ್ದಿತು. ಒದೆಯಲಿಲ್ಲ, ತೂಕಡಿಸಲಿಲ್ಲ.

"ಇನ್ನ ದೇವರ ಹೆಸರು ಹೇಳಿ ಬಿಡು," ಎಂದ ಷಡ್ಡಕ. "ಬಿದ್ದಿ ಅಂದ್ರ ಕಾಯಿ ನಾ ಹಿಡೀತೀನಿ."

"ನನ್ನ?"

"ನಿನ್ನನ್ನ ಮನ್ಯಾಗ ಅಕ್ಕಾರು ನೋಡ್ಕೊಂತಾರ. ಅಟ್ಟದಾಗ ತೊಟ್ಲ ಬಾಜೂಕ ಜಾಗ ಐತಂತ."

ಬಿಟ್ಟೆ. ಮೊದಲ ಹಲ್ಲು ಬಂತು, ಮುಂದಿನ ಗಾಲಿ ಅದನ್ನು ನುಂಗಿತು. ಎರಡನೆಯದು ಓರೆಯಾಗಿತ್ತು, ಎಡಕ್ಕೆ ವಾಲಿದೆ, ಹಿಂದಿನ ಶಾಕು ಕುಸಿದು ನನ್ನ ಆಸನವನ್ನು ಉಳಿಸಿತು. ಮುಂದೆ ಕಲ್ಲುಗಳು ಒಂದರ ಬೆನ್ನಿಗೆ ಒಂದು, ಯಾವಾಗಲೂ ನಾನು ಬೀಳುತ್ತಿದ್ದ ಜಾಗ. ಕುಸಿದದ್ದು ಏಳುತ್ತದೋ ಇಲ್ಲವೋ? ಎದ್ದಿತು! ಪ್ರತಿ ಕಲ್ಲಿಗೂ ಕುಸಿದು, ಮುಂದಿನ ಕಲ್ಲು ಬರುವ ಮೊದಲೇ ಎದ್ದು, ನನ್ನನ್ನೂ ರೊಟ್ಟಿಯನ್ನೂ ಕುಂಬಳಕಾಯಿಯನ್ನೂ ಒಂದೇ ಕುಟುಂಬದವರೆಂದು ತಿಳಿದು ಸೈಕಲ್ ಇಳಿಸಿತು. ನಾನು ಏನೋ ಕೂಗುತ್ತಿದ್ದೆ. ಅದು "ಹುರ್ರಿಯೋ" ಎಂದಿತ್ತೆಂದು ಷಡ್ಡಕ ಆಮೇಲೆ ಸಾಕ್ಷಿ ಹೇಳಿದ. ಕೆಳಗೆ ಬೇವಿನ ಮರದಡಿ ನಿಂತಾಗ ಎರಡೂ ಕಾಲು ಪೆಡಲಿನ ಮೇಲೇ ಇದ್ದವು. ಇಳಿಯುವುದು ಹೇಗೆಂದು ಒಂದು ಗಳಿಗೆ ಹೊಳೆಯಲಿಲ್ಲ.

ಮನೆಯಲ್ಲಿ ಹೆಂಡತಿ ಮೊದಲು ಮೊಣಕಾಲು ನೋಡಿದಳು, ಬಳಿಕ ಮೊಣಕೈ. ಆಮೇಲೆ ಕುಂಬಳಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅದರ ಪರೀಕ್ಷೆ ನನ್ನದಕ್ಕಿಂತ ದೀರ್ಘವಾಗಿತ್ತು.

"ಒಂದು ಕಡಿನೂ ಪೆಟ್ಟಿಲ್ಲ," ಎಂದಳು.

ಷಡ್ಡಕ ಪಡಸಾಲೆಯಿಂದಲೇ ಕೇಳಿದ, "ಅಕ್ಕಾರ, ಅಂದ್ರ ಅಟ್ಟ?"

"ಅಟ್ಟ ಯಾಕ? ಹಡಗಲಿಯಾಗ ನಮ್ಮವ್ವ ಉಪ್ಪಿನಕಾಯಿ ಹಾಕಿ ಇಟ್ಟಾಳ. ಭರಣಿ ಬಸ್ಸಿನ್ಯಾಗ ತಂದ್ರ ಒಡೀತೈತಂತ ಕಾಯಾಕತ್ತಾಳ. ಬರೋ ಭಾನುವಾರ ಇವ್ರು ತರ್ತಾರ."

ಭಾನುವಾರಕ್ಕೆ ಕಾಯದೆ ಮರುದಿನ ಬೆಳಿಗ್ಗೆಯೇ ಎರಡು ತಾಟು ಮಂಡಕ್ಕಿ ಒಗ್ಗರಣೆ, ಮೇಲೆ ಮಿರ್ಚಿ ತಿಂದೆ, ಚಹಾ ಕುಡಿದೆ. ಅಡುಗೆಮನೆಯ ಉಪ್ಪಿನ ಭರಣಿಯನ್ನು ಚೀಲಕ್ಕಿಳಿಸಿ ಬೆನ್ನಿಗೆ ಹಾಕಿಕೊಂಡು, ಗೋಡೆಗೆ ಮೊಣಕೈ ಆನಿಸಿ ಪೆಡಲುಗಳ ಮೇಲೆ ನಿಂತೆ. ಹೆಂಡತಿ ಟೇಪು ಹಿಡಿದು ಕೂತಳು.

"ಇನ್ನಷ್ಟು ಗಾಳಿ ಬೇಕ್ರಿ," ಎಂದಳು. "ನಮ್ಮವ್ವ ಭರಣಿ ಒಂದೇ ಕೊಟ್ಟು ಕಳಸಾಕಿ ಅಲ್ಲ."